ಬೇರೆಯವರ ಸೆಟ್ಟು

ಇದನ್ನು ಬರೆಯಲು ಕೂತು ಎಷ್ಟು ಸಲ ಎದ್ದಿದ್ದೇನೆಂಬುದು ನಮ್ಮ ಮನೆಯ ಕುರ್ಚಿಗೆ ಗೊತ್ತು. ಒಮ್ಮೆ ಕನ್ನಡಕದ ಕಾಲು ಸಡಿಲವಾಗಿದೆ ಎಂದು ಎದ್ದೆ. ಇನ್ನೊಮ್ಮೆ ಪೆನ್ನು ಸರಿಯಾಗಿ ಬರೆಯುತ್ತಿಲ್ಲವೆಂದು ಎದ್ದೆ; ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು. ಭತ್ತದ ಕೊಯ್ಲು ಮುಗಿಯಲಿ, ಆಮೇಲೆ ನಿಶ್ಚಿಂತೆಯಿಂದ ಬರೆದರಾಯಿತು ಎಂದು ಒಂದು ವರ್ಷವನ್ನೇ ತಳ್ಳಿದೆ. ನನಗೆ ಒಂದು ಗುಂಟೆ ಗದ್ದೆಯೂ ಇಲ್ಲ. ಹೊನ್ನಾಳಿ ಪೇಟೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟುಕೊಂಡು, ರೇಡಿಯೋ ಟೀವಿ ರಿಪೇರಿ ಮಾಡಿಕೊಂಡು ಬದುಕಿದವನು ನಾನು. ಕೊಯ್ಲಿಗೂ ನನಗೂ ಇರುವ ಸಂಬಂಧ ತಟ್ಟೆಗೆ ಅನ್ನ ಬಿದ್ದ ಮೇಲಿನದು.

ಕಳೆದ ವಾರ ಮೊಮ್ಮಗಳ ಕಿವಿಯೋಲೆಯ ತಿರುಪು ಬಿದ್ದುಹೋಯಿತು. ಅಂಥದ್ದೇ ಚಿಕ್ಕದೊಂದು ಸಿಕ್ಕೀತೇನೋ ಎಂದು ನನ್ನ ಹಳೆಯ ಬೆಸುಗೆ ಡಬ್ಬಿ ತೆರೆದೆ. ಮುಚ್ಚಳದ ಒಳಬದಿಗೆ ಅಂಟುಟೇಪಿನ ತುಂಡೊಂದಿತ್ತು. ಅದರಡಿಯಲ್ಲಿ ರಾಗಿ ಕಾಳಿಗಿಂತ ಸಣ್ಣದೊಂದು ಕಪ್ಪು ಚುಕ್ಕೆ. ಮೊಮ್ಮಗಳು ಬಗ್ಗಿ ನೋಡಿ, ‘ತಾತ, ತಿಗಣೆಗೆ ಯಾಕೆ ಟೇಪ್ ಹಚ್ಚಿಟ್ಟೀಯಾ?’ ಎಂದಳು. ತಿಗಣೆಯಾಗಿದ್ದರೆ ಚೆನ್ನಾಗಿತ್ತು. ಅದೊಂದು ರೆಸಿಸ್ಟರ್, ರೇಡಿಯೋ ಸೆಟ್ಟಿನೊಳಗಿನ ಬಿಡಿಭಾಗ. ಅದನ್ನು ಎಲ್ಲಿಂದ ಕಿತ್ತೆ, ಯಾಕೆ ಕಿತ್ತೆ, ಕಿತ್ತ ಮೇಲೆ ಏನು ಮಾತಾಡಿದೆ ಎಂಬುದೆಲ್ಲ ನೆನಪಾಗಿ, ಕಿವಿಯೋಲೆಯ ತಿರುಪಿನ ಮಾತು ಅಲ್ಲಿಗೇ ನಿಂತಿತು. ಮೊಮ್ಮಗಳು ಈಗಲೂ ಒಂದೇ ಕಿವಿಯಲ್ಲಿ ಓಲೆ ಹಾಕಿಕೊಂಡು ಓಡಾಡುತ್ತಿದ್ದಾಳೆ.

ನನ್ನದೊಂದು ಕೆಟ್ಟ ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಂದಿನಿಂದಲೂ ನನಗೆ ಸಾಮಾನು ಬಿಚ್ಚಿ ನೋಡುವ ಚಪಲ. ಆದರೆ ನಮ್ಮ ಮನೆಯ ಸಾಮಾನನ್ನು ನಾನೆಂದೂ ಬಿಚ್ಚಲಿಲ್ಲ. ನ್ಯಾಮತಿಯಲ್ಲಿ ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅವರ ಕೈ ಎಷ್ಟು ಗಟ್ಟಿ ಎಂಬುದನ್ನು ನನ್ನ ಬೆನ್ನು ಕಂಡಿತ್ತು. ಹಾಗಾಗಿ ಮನೆಯ ರೇಡಿಯೋಗೆ ಬರಿಯ ನಮಸ್ಕಾರ ಹಾಕಿ, ಸೋದರಮಾವ ಹಬ್ಬಕ್ಕೆ ಬಂದಾಗ ಅವರ ಟಾರ್ಚ್ ಬಿಚ್ಚುತ್ತಿದ್ದೆ. ಪಕ್ಕದ ಮನೆಯವರ ಅಲಾರಾಂ ಗಡಿಯಾರವನ್ನು ಒರೆಸಿಕೊಡುತ್ತೇನೆ ಎಂದು ತಂದು ಬಿಚ್ಚಿ ಜೋಡಿಸಿದಾಗ ಒಂದು ಚಕ್ರ ಹೊರಗೇ ಉಳಿಯಿತು. ಅದನ್ನು ಚಡ್ಡಿ ಜೇಬಿಗೆ ಹಾಕಿಕೊಂಡು ಗಡಿಯಾರ ವಾಪಸು ಕೊಟ್ಟೆ. ಆ ಮನೆಯ ಅಜ್ಜಿ ಬಹಳ ದಿನ ‘ನಮ್ಮ ಗಡಿಯಾರಕ್ಕೂ ವಯಸ್ಸಾಯ್ತು’ ಎನ್ನುತ್ತಿದ್ದಳು. ನನ್ನ ಜೀವಮಾನದ ಪ್ರಯೋಗಗಳೆಲ್ಲ ಹೀಗೆ ಬೇರೆಯವರ ಸಾಮಾನಿನ ಮೇಲೆಯೇ ನಡೆದಿವೆ. ತಪ್ಪು ಸಾಮಾನಿನದೋ, ಸಾಮಾನಿನ ಯಜಮಾನರದೋ ಆಗಿ, ನಾನು ಮಾತ್ರ ಒಳ್ಳೆಯ ಹುಡುಗನಾಗಿಯೇ ಬೆಳೆದೆ.

ಹತ್ತನೇ ತರಗತಿ ಪಾಸಾದ ಮೇಲೆ ಮುಂದೆ ಓದಲಿಲ್ಲ. ಹೊನ್ನಾಳಿಯ ಒಬ್ಬರ ಮೈಕ್‌ಸೆಟ್ ಅಂಗಡಿಯಲ್ಲಿ ಕಂಬಕ್ಕೆ ಹಾರನ್ ಕಟ್ಟುವ ಕೆಲಸಕ್ಕೆ ಸೇರಿ, ಕೊನೆಗೆ ನನ್ನದೇ ಅಂಗಡಿ ಇಟ್ಟೆ. ಹವ್ಯಾಸಿ ರೇಡಿಯೋದ ಹುಚ್ಚು ನನಗೆ ಹತ್ತಿದ್ದು ಒಂದು ಮದುವೆಯಿಂದ. ಸವಳಂಗದಲ್ಲಿ ಮದುವೆ, ಮೈಕ್‌ಸೆಟ್ ನಮ್ಮದು. ಪುರೋಹಿತರ ಮುಂದೆ ಮೈಕ್ ಇಟ್ಟು, ಚಪ್ಪರದ ಆಚೆಗಿದ್ದ ಆಂಪ್ಲಿಫೈಯರ್‌ವರೆಗೆ ಉದ್ದನೆಯ ವೈರು ಎಳೆದಿದ್ದೆ. ಮುಹೂರ್ತದ ಹೊತ್ತಿಗೆ ಸರಿಯಾಗಿ ಹಾರನ್ನಿನಿಂದ ಮಂತ್ರದ ಜೊತೆಗೆ ಇನ್ನೊಂದು ದನಿ ಬರತೊಡಗಿತು. ರೈತರಿಗೆ ಸಲಹೆ ಕೊಡುವ ರೇಡಿಯೋ ಕಾರ್ಯಕ್ರಮ. ಪುರೋಹಿತರು ಮಾಂಗಲ್ಯದ ಮಂತ್ರ ಹೇಳುತ್ತಿದ್ದರೆ, ಎಲೆಗಳ ಮೇಲೆ ಬೆಂಕಿರೋಗದ ಕಂದು ಚುಕ್ಕೆ ಕಂಡ ಕೂಡಲೇ ತಡಮಾಡದೆ ಔಷಧ ಸಿಂಪಡಿಸಿ ಎಂದು ಹಾರನ್ ವಧೂವರರಿಗೆ ಬುದ್ಧಿ ಹೇಳುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಗಂಡಿನ ಚಿಕ್ಕಪ್ಪ ಮಾತ್ರ ನಗದೆ ನನ್ನ ಕಡೆಗೇ ಬರುತ್ತಿದ್ದ.

ಆತ ಬಂದು ಮುಟ್ಟುವ ಮೊದಲು ಬಿಳಿ ಪಂಚೆಯ ಒಬ್ಬರು ಬಂದು, ಮಿಕ್ಕಿದ್ದ ವೈರನ್ನು ಸುತ್ತಿ ಸುರುಳಿ ಮಾಡಿ, ಮೈಕಿನ ತಂತಿಯ ಒಂದು ತುದಿಯನ್ನು ಸರಿಯಾಗಿ ಬಿಗಿದರು. ಬೆಂಕಿರೋಗದ ಔಷಧ ನಿಂತು ಬರಿಯ ಮಂತ್ರ ಉಳಿಯಿತು. ‘ನಿನ್ನ ವೈರೇ ಏರಿಯಲ್ ಆಗಿತ್ತಪ್ಪ. ಗಾಳ್ಯಾಗೆ ಇರೋದನ್ನೆಲ್ಲ ಹಿಡ್ಕಂಬರ್ತಿತ್ತು’ ಎಂದರು. ಗಾಳಿಯಲ್ಲಿ ಇನ್ನೂ ಏನೇನಿದೆ ಎಂದು ಕೇಳಿದೆ. ಅವರು ನಕ್ಕು, ಚನ್ನಗಿರಿಗೆ ಬಾ ತೋರಿಸುತ್ತೇನೆ ಎಂದರು. ಚನ್ನಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವರು. ಈ ಬರಹದಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ಭಾನುವಾರ ಬಂದರೆ ನಾನು ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ಅವರು ಕಾಫಿ ಕೊಟ್ಟು, ಪಾಠ ಹೇಳಿ, ಬಸ್‌ಸ್ಟ್ಯಾಂಡಿನವರೆಗೆ ಬಂದು ಕಳಿಸುತ್ತಿದ್ದರು. ನನ್ನ ಹಾಗೆ ಓದು ಬಿಟ್ಟವನನ್ನು ಸರಕಾರದ ಪರೀಕ್ಷೆಗೆ ಕೂರಿಸಿ, ಪಾಸು ಮಾಡಿಸಿ, ಲೈಸೆನ್ಸ್ ಕೊಡಿಸಿದರು. ಹೊನ್ನಾಳಿಯ ತಾರಸಿಯ ಮೇಲೆ ನಿಂತು ಅಂಗೈಯಷ್ಟು ಸೆಟ್ಟಿನಲ್ಲಿ ಮೊದಲ ಸಲ ಮಾತಾಡಿ, ಆ ಕಡೆಯಿಂದ ‘ಕೇಳಿಸ್ತಾ ಐತೆ, ಮಾತಾಡಪ್ಪ’ ಎಂಬ ಮೇಷ್ಟ್ರ ದನಿ ಬಂದಾಗ ಆದ ಖುಷಿಯ ಋಣವನ್ನು ನಾನು ಈ ಜನ್ಮದಲ್ಲಿ ತೀರಿಸಲಾರೆ.

ಹವ್ಯಾಸಿ ರೇಡಿಯೋ ಎಂದರೆ ಏನೆಂದು ಕೇಳುವವರಿಗೆ ಒಂದು ಮಾತು. ಪೊಲೀಸರ ಕೈಯಲ್ಲಿ ಇರುತ್ತದಲ್ಲ, ಅಂಥದ್ದೇ ಸೆಟ್ಟು. ಆದರೆ ಗಾಳಿಯಲ್ಲಿ ನಮಗೆಂದು ಕೊಟ್ಟಿರುವುದು ಒಂದು ಸಣ್ಣ ಓಣಿ. ಆ ಓಣಿಯೊಳಗೇ ನಾವು ಮಾತಾಡಬೇಕು. ಆಚೆ ಬೀದಿಯಲ್ಲಿ ಪೊಲೀಸರು, ವಿಮಾನದವರು, ಹಡಗಿನವರು ಇದ್ದಾರೆ. ಅಲ್ಲಿ ನಾವು ಬಾಯಿ ತೆರೆಯುವ ಹಾಗಿಲ್ಲ. ಅಕಸ್ಮಾತ್ ಕಿವಿಗೆ ಬಿದ್ದದ್ದನ್ನು ಇನ್ನೊಬ್ಬರಿಗೆ ಹೇಳುವ ಹಾಗೂ ಇಲ್ಲ. ಲೈಸೆನ್ಸ್ ಇಲ್ಲದವರಂತೂ ಸೆಟ್ಟು ಹಿಡಿದು ಮಾತಾಡಲೇಬಾರದು. ನಾವು ಒಂದಿಷ್ಟು ಜನ ಬೆಳಗಿನ ಕಾಫಿ ಹೊತ್ತಿಗೆ ಒಬ್ಬರನ್ನೊಬ್ಬರು ಕೂಗಿ ಹಾಜರಿ ಹಾಕುತ್ತೇವೆ. ಅದಕ್ಕೆ ನೆಟ್ ಎನ್ನುತ್ತೇವೆ. ಗುಡ್ಡದ ಮೇಲೆ ಒಂದು ಪೆಟ್ಟಿಗೆ ಇದೆ. ನಮ್ಮ ಸಣ್ಣ ದನಿಯನ್ನು ಹಿಡಿದು ದೂರಕ್ಕೆ ಎಸೆಯುವುದು ಅದರ ಕೆಲಸ. ಅದರಿಂದಾಗಿ ಚನ್ನಗಿರಿ, ಹೊನ್ನಾಳಿ, ಜಗಳೂರು ಒಂದೇ ಕಟ್ಟೆಯ ಮೇಲೆ ಕೂತ ಹಾಗೆ. ಮಾತೇನು ಮಹಾ? ನಿಮ್ಮಲ್ಲಿ ಮಳೆ ಬಂತೇ, ಕರೆಂಟು ಹೋಯಿತೇ, ಮಂಡಿ ನೋವು ಹೇಗಿದೆ.

ಜಗಳೂರಿನಿಂದ ಹಾಜರಿ ಹಾಕುತ್ತಿದ್ದವನು ತಿಪ್ಪೇಸ್ವಾಮಿ. ಹುಟ್ಟಿನಿಂದ ಕಣ್ಣಿಲ್ಲದವನು. ಹಿಂದೆ ಬಸ್‌ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತ್ ನಡೆಸುತ್ತಿದ್ದ. ಮೊಬೈಲು ಬಂದು ಬೂತ್ ಮುಚ್ಚಿದ ಮೇಲೆ, ಇಷ್ಟು ವರ್ಷ ಬೇರೆಯವರಿಗೆ ಮಾತಾಡಿಸಿಕೊಟ್ಟೆ, ಇನ್ನು ನಾನೇ ಮಾತಾಡುತ್ತೇನೆ ಎಂದು ಮೇಷ್ಟ್ರ ಹಿಂದೆ ಬಿದ್ದು ಲೈಸೆನ್ಸ್ ಪಡೆದವನು. ಬಾಯಿ ಎಂದರೆ ಬಾಯಿ. ನನ್ನ ದನಿ ಕೇಳಿದ ಕೂಡಲೇ ‘ಬಸಣ್ಣ, ಇವತ್ತು ನಿನ್ನ ಹಲ್ಲಿನ ಸೆಟ್ ಹಾಕ್ಕಂಡಿಲ್ಲ ಅಲ್ಲೇನೋ’ ಎನ್ನುತ್ತಿದ್ದ. ಅವನು ಹೇಳುವವರೆಗೂ ನನಗೇ ಗೊತ್ತಿರುತ್ತಿರಲಿಲ್ಲ.

ತಿಪ್ಪೇಸ್ವಾಮಿ ಸೆಟ್ಟನ್ನು ಬೆರಳು ಮತ್ತು ಕಿವಿಯಿಂದ ನಡೆಸುತ್ತಿದ್ದ. ಮೇಲೊಂದು ತಿರುಗುವ ಗುಂಡಿ ಇರುತ್ತದೆ. ತಿರುಗಿಸಿದರೆ ಒಂದೊಂದು ಟಿಕ್ಕಿಗೆ ಒಂದೊಂದು ಚಾನಲ್. ಮೊದಲ ಚಾನಲ್ಲಿಗೆ ಬಂದಾಗ ಬೇರೆ ಥರದ ಬೀಪ್ ಬರುತ್ತದೆ. ಅಲ್ಲಿಂದ ಅವನ ಎಣಿಕೆ ಶುರು. ಮೊದಲನೆಯದು ಬೆಳಗಿನ ನೆಟ್ಟು, ಅದರ ಮುಂದಿನದು ದಾವಣಗೆರೆಯ ಗೆಳೆಯರು, ಅದರಾಚೆ ಶಿವಮೊಗ್ಗ, ಹೀಗೆ. ಮೇಷ್ಟ್ರು ಮತ್ತು ಉಳಿದ ಗೆಳೆಯರು ಜಗಳೂರಿಗೆ ಹೋದಾಗಲೆಲ್ಲ ಒಂದೊಂದೇ ತುಂಬಿಕೊಟ್ಟದ್ದು. ನಮಗೆ ಪರದೆಯ ಮೇಲೆ ಅಂಕಿ ಕಾಣುತ್ತದೆ. ಅವನಿಗೆ ಆ ವರಸೆಯೇ ಊರು, ಆ ಟಿಕ್ಕುಗಳೇ ಬಾಗಿಲು.

ಅವನ ಮನೆಯಲ್ಲಿ ಅವನ ಹೆಂಡತಿ. ನೆಟ್ಟಿನಲ್ಲಿ ಆಕೆಯ ಹೆಸರನ್ನು ಯಾರೂ ಕೇಳಿರಲಿಲ್ಲ. ‘ಮನೆಯವರು ನಮಸ್ಕಾರ ಹೇಳ್ತಾರೆ’ ಎಂದು ತಿಪ್ಪೇಸ್ವಾಮಿಯ ಬಾಯಿಂದಲೇ ಆಕೆಯ ಮಾತು ಗಾಳಿಗೆ ಬರಬೇಕು, ಏಕೆಂದರೆ ಆಕೆಗೆ ಲೈಸೆನ್ಸ್ ಇರಲಿಲ್ಲ. ಆದರೆ ಆಕೆ ಓದುತ್ತಿದ್ದರು. ನನ್ನಂತೆಯೇ ಹತ್ತರವರೆಗೆ ಓದಿದವರು. ಮೇಷ್ಟ್ರು ಅವರಿಗೂ ಪುಸ್ತಕ ಕೊಟ್ಟಿದ್ದರು. ನಾನು ಜಗಳೂರಿಗೆ ಹೋದಾಗ ರೊಟ್ಟಿ ಬಡಿಯುತ್ತಲೇ, ಅಣ್ಣಾ ಈ ಕರೆಂಟಿಗೆ ಅಡ್ಡ ಬರೋದು ಅಂದ್ರೆ ಹೆಂಗೆ ಎಂದು ಕೇಳುತ್ತಿದ್ದರು. ನಾನು ಬಾಯಿಗೆ ಬಂದ ಹಾಗೆ ವಿವರಿಸುತ್ತಿದ್ದೆ. ಅವರಿಗೆ ಅರ್ಥವಾಗದಿದ್ದರೆ ತಪ್ಪು ತಮ್ಮದೆಂದೇ ತಿಳಿಯುತ್ತಿದ್ದರು. ಮೋರ್ಸ್ ಎಂಬ ತಂತಿಯ ಸಂಕೇತವನ್ನೂ ಕಲಿತಿದ್ದರು. ಊಟಕ್ಕೆ ಕರೆಯಲು ತಟ್ಟೆಯ ಮೇಲೆ ಸೌಟಿನಿಂದ ಉದ್ದ, ಗಿಡ್ಡ, ಉದ್ದ ಎಂದು ಬಡಿಯುತ್ತಿದ್ದರು. ನಮ್ಮ ಸಂಕೇತದಲ್ಲಿ ಅದಕ್ಕೆ ‘ಇನ್ನು ನೀವು ಮಾತಾಡಿ’ ಎಂದು ಅರ್ಥ. ‘ಇವಳು ನಂಗೆ ಮಾತಾಡಾಕೆ ಅವಕಾಶ ಕೊಡೋದು ತಟ್ಟೆ ಮುಂದೆ ಮಾತ್ರ ಕಣಪ್ಪ’ ಎನ್ನುತ್ತಿದ್ದ ತಿಪ್ಪೇಸ್ವಾಮಿ. ದೀಪಾವಳಿ ಕಳೆದ ಮೇಲೆ ಆಕೆಯ ಪರೀಕ್ಷೆ ಎಂದು ಮಾತಾಗಿತ್ತು. ಪಾಸಾದರೆ ನೆಟ್ಟಿನಲ್ಲಿ ಮೊದಲ ಹೆಣ್ಣು ದನಿ ಅವರದೇ ಎಂದು ನಾವೆಲ್ಲ ಕಾಯುತ್ತಿದ್ದೆವು.

ನ್ಯಾಮತಿ ತಾಲೂಕಾದ ಸುಮಾರಿನಲ್ಲಿ ತಿಪ್ಪೇಸ್ವಾಮಿಯ ಸೆಟ್ಟು ಸರಿಯಾಗಿ ಚಾರ್ಜ್ ಆಗದೆ ತೊಂದರೆ ಕೊಟ್ಟಿತು. ನಮ್ಮ ಪದ್ಧತಿಯಂತೆ ಬಸ್ಸಿನಲ್ಲಿ ಕಂಡಕ್ಟರ ಕೈಗೆ ಕೊಟ್ಟು ಕಳಿಸಿದ. ಸಡಿಲವಾಗಿದ್ದ ಒಂದು ಕಡ್ಡಿಗೆ ಬೆಸುಗೆ ಹಾಕಿದೆ, ಸರಿಹೋಯಿತು. ಅಲ್ಲಿಗೆ ಮುಚ್ಚಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆ ದಿನಗಳಲ್ಲಿ ನೆಟ್ಟಿನ ಬಾಯಲ್ಲೆಲ್ಲ ಒಂದೇ ಸುದ್ದಿ. ತಿಪ್ಪೇಸ್ವಾಮಿಯ ಬಳಿಯಿದ್ದ ಕಂಪನಿಯ ಸೆಟ್ಟಿನ ಒಳಗೆ ಒಂದು ಚಿಕ್ಕ ರೆಸಿಸ್ಟರ್ ಇದೆಯಂತೆ. ಸೆಟ್ಟಿಗೆ ನಮ್ಮ ಓಣಿಯ ಗೋಡೆ ಅದೇ. ಅದನ್ನು ಕಿತ್ತರೆ ಗೋಡೆ ಬಿದ್ದು, ಸೆಟ್ಟು ಎಲ್ಲೆಲ್ಲಿಯದನ್ನೋ ಕೇಳತೊಡಗುತ್ತದಂತೆ. ನನ್ನದೂ ಅದೇ ಕಂಪನಿಯ ಸೆಟ್ಟು. ಕೀಳಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಕೈ ನಡುಗಿ ಪಕ್ಕದ್ದೂ ಕಿತ್ತುಹೋದರೆ ಎಂಬ ಭಯವೂ ಇತ್ತು. ಈಗ ನನ್ನ ಮೇಜಿನ ಮೇಲೆ ಬೆನ್ನು ಬಿಚ್ಚಿಕೊಂಡು ಮಲಗಿರುವುದು ತಿಪ್ಪೇಸ್ವಾಮಿಯದು. ನನ್ನ ಸೆಟ್ಟಿನ ಮೇಲೆ ಬಾರದ ಧೈರ್ಯ ಅವನದರ ಮೇಲೆ ಬಂತು.

ಮನಸ್ಸು ಅದಕ್ಕೊಂದು ಒಳ್ಳೆಯ ಕಾರಣವನ್ನೂ ಕೊಟ್ಟಿತು. ತಿಪ್ಪೇಸ್ವಾಮಿಗೆ ಒಂದು ಆಸೆಯಿತ್ತು. ಜಗಳೂರಿನ ಮೇಲೆ ವಿಮಾನ ಹೋಗುವ ಸದ್ದು ಅವನಿಗೆ ಎಲ್ಲರಿಗಿಂತ ಮೊದಲು ಕೇಳುತ್ತಿತ್ತು. ಅದರೊಳಗೆ ಕೂತವನು ಏನು ಮಾತಾಡುತ್ತಾನೋ ಒಮ್ಮೆ ಕೇಳಬೇಕು ಎನ್ನುತ್ತಿದ್ದ. ಗೋಡೆ ಕೆಡವಿದರೆ ವಿಮಾನದವರ ಬೀದಿಯೂ ಕೇಳುತ್ತದೆ. ಹೇಳದೆ ಮಾಡಿಕೊಟ್ಟು ಅವನನ್ನು ಬೆರಗಾಗಿಸೋಣ ಎಂದುಕೊಂಡೆ. ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆದು, ಭೂತಗನ್ನಡಿ ಕಟ್ಟಿಕೊಂಡು, ಬೆಸುಗೆ ಕಡ್ಡಿಯ ಮೊನೆ ತಾಗಿಸಿದೆ. ಕಾಳು ಎದ್ದು ಬಂತು. ಪಕ್ಕದ್ದೇನೂ ಕೆಡಲಿಲ್ಲ. ನನ್ನ ಕೈಯನ್ನು ನಾನೇ ಮೆಚ್ಚಿಕೊಂಡೆ.

ಕಿತ್ತ ಮೇಲೆ ಇನ್ನೊಂದು ಕೆಲಸವಿದೆ. ಗೋಡೆ ಇಲ್ಲವೆಂದು ಸೆಟ್ಟಿಗೆ ತಿಳಿಯಬೇಕಾದರೆ, ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು ಅದರ ನೆನಪನ್ನು ಒಮ್ಮೆ ಪೂರ್ತಿ ಅಳಿಸಬೇಕು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ. ಆ ಹೊತ್ತಿನಲ್ಲಿ ಅದು ನನ್ನದೇ ಸೆಟ್ಟೆಂಬ ಹಾಗಿತ್ತು. ನನ್ನದರಲ್ಲಿ ಅಳಿಸಿಹೋದರೆ ನೋಡಿಕೊಂಡು ಮತ್ತೆ ತುಂಬಬಹುದು, ನಾನು ಕಣ್ಣಿದ್ದವನು. ಪರದೆ ಕತ್ತಲಾಗಿ, ಮತ್ತೆ ಬೆಳಗಿ, ಹೊಸದಾಗಿ ಅಂಗಡಿಯಿಂದ ಬಂದ ಸೆಟ್ಟಿನ ಹಾಗೆ ನನ್ನನ್ನು ನೋಡಿತು. ಗುಂಡಿ ತಿರುಗಿಸಿದೆ. ಮೊದಲ ಚಾನಲ್ಲಿನ ಬೀಪ್ ಬರಲಿಲ್ಲ. ಎಷ್ಟು ತಿರುಗಿಸಿದರೂ ಬರಲಿಲ್ಲ.

ಬೆಳಗಿನ ನೆಟ್ಟಿನ ಅಂಕಿ ನನಗೆ ಬಾಯಿಪಾಠ. ಅದೊಂದನ್ನಾದರೂ ಮೊದಲ ಚಾನಲ್ಲಿಗೆ ತುಂಬಿ ಕಳಿಸಬಹುದಿತ್ತು. ಆದರೆ ಒಂದೇ ಇದ್ದು ಉಳಿದವು ಇಲ್ಲದಿದ್ದರೆ, ಯಾರೋ ಅಳಿಸಿ ತುಂಬಿದ್ದಾರೆಂದು ಗೊತ್ತಾಗುತ್ತದೆ. ಎಲ್ಲವೂ ಹೋಗಿದ್ದರೆ ಏನಾದರೂ ಆಗಿರಬಹುದು. ಅಷ್ಟು ಲೆಕ್ಕ ಹಾಕುವ ಬುದ್ಧಿ ಮಾತ್ರ ಆಗ ನೆಟ್ಟಗಿತ್ತು. ರೆಸಿಸ್ಟರನ್ನು ಮುಂದೊಂದು ದಿನ ವಾಪಸು ಕೂರಿಸಿದರಾಯಿತೆಂದು ಟೇಪಿಗೆ ಅಂಟಿಸಿದೆ. ಸೆಟ್ಟನ್ನು ಮುಚ್ಚಿ, ಬಟ್ಟೆಯಿಂದ ಒರೆಸಿ, ಸಂಜೆಯ ಬಸ್ಸಿಗೆ ಕೊಟ್ಟುಬಿಟ್ಟೆ.

ಮಾರನೆಯ ಬೆಳಗ್ಗೆ ನೆಟ್ಟಿನಲ್ಲಿ ಮೇಷ್ಟ್ರು ಜಗಳೂರನ್ನು ಕೂಗಿದರು. ಉತ್ತರ ಬರಲಿಲ್ಲ. ಮತ್ತೆ ಕೂಗಿ, ಏನೋ ಕೆಲಸವಿರಬೇಕು ಎಂದು ಮುಂದೆ ಹೋದರು. ನೆಟ್ಟು ಮುಗಿಯುತ್ತಲೇ ನನ್ನ ಮೊಬೈಲು ಬಡಿಯಿತು. ತಿಪ್ಪೇಸ್ವಾಮಿಯ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ.

‘ಬಸಣ್ಣ, ಎದ್ದಾಗಿಂದ ತಿರುಗಿಸ್ತಾ ಇದೀನಿ ಕಣೋ. ಬರೀ ಸುಯ್ ಅಂತೈತೆ. ಎಲ್ಲಾ ಸೇರ್ಕಂಡು ನನ್ನ ಬಿಟ್ಟು ಬೇರೆ ಕಡೆ ಹೋದ್ರೇನೋ ಅನ್ನಿಸ್ತು.’

ಆಗ ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಬಂದದ್ದು ಬೇರೆ ಮಾತು.

‘ಮನೆಯಾಗೆ ಯಾರಾದ್ರೂ ಒರೆಸಾಕೆ ಹೋಗಿ ಗುಂಡಿ ಒತ್ತಿದ್ರೇನಪ್ಪ?’

ಅವನು ಒಳಗೆ ತಿರುಗಿ ಕೇಳಿದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ದೂರದಿಂದ ಆಕೆಯ ದನಿ.

‘ಸ್ಟ್ಯಾಂಡಿಂದ ತರುವಾಗ ಚೀಲದಾಗೆ ಬದನೆಕಾಯಿ ಜೊತೆಗೆ ಹಾಕ್ಕಂಡಿದ್ದೆ ಕಣ್ರೀ. ಒತ್ಕಂಡೈತೇನೋ. ನನ್ನದೇ ತಪ್ಪು.’

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ‘ಇರಬೌದು’ ಎಂದೆ.

ಆ ಭಾನುವಾರ ಜಗಳೂರಿಗೆ ಹೋದೆ. ಬಾಗಿಲಲ್ಲೇ ಆಕೆ, ನಮ್ಮ ತಪ್ಪಿಗೆ ನೀವು ಇಷ್ಟು ದೂರ ಬರೋ ಹಂಗಾಯ್ತು ಎಂದರು. ಸೆಟ್ಟನ್ನು ಒಳಗಿನಿಂದ ತಂದುಕೊಡಿ ಎಂದೆ. ಆಕೆ ಕೈ ಹಿಂದಕ್ಕೆ ಕಟ್ಟಿಕೊಂಡು, ಅವರೇ ತರ್ತಾರೆ ಎಂದರು. ತಿಪ್ಪೇಸ್ವಾಮಿ ಗೋಡೆ ಹಿಡಿದುಕೊಂಡು ಹೋಗಿ ತಂದ. ಅವನು ವರಸೆ ಹೇಳಿದ, ನಾನು ಅಂಕಿ ತುಂಬಿದೆ. ಮೊದಲ ಚಾನಲ್ಲಿನ ಬೀಪ್ ಬಂದಾಗ ಅವನ ಮುಖ ಅರಳಿತು. ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ. ಸಾಕ್ಷಿ ನುಂಗಿ ಹಾಕ್ತಿದೀವಿ ಎಂದು ಅವನು ನಗಿಸಿದ. ನಾನು ಎರಡನೆಯ ಸಲ ಪಲ್ಯ ಹಾಕಿಸಿಕೊಂಡೆ.

ಅವನ ಬೆರಳು ಸುಮ್ಮನಿರುವುದಲ್ಲ. ಗುಂಡಿ ತಿರುಗಿಸುತ್ತಾ ತಿರುಗಿಸುತ್ತಾ, ಮೊದಲು ಇದು ನಮ್ಮ ಓಣಿಯ ಕೊನೆಗೆ ಹೋಗಿ ವಾಪಸು ಬರುತ್ತಿತ್ತು, ಈಗ ಹೋಗುತ್ತಲೇ ಇರುತ್ತದಲ್ಲ ಎಂದ. ಕೆಲವು ಸೆಟ್ಟುಗಳಲ್ಲಿ ಯಾವುದೋ ಗುಂಡಿಗಳು ಒಟ್ಟಿಗೆ ಒತ್ತಿದರೆ ಹೀಗಾಗುತ್ತದೆ ಎಂದೆ. ಕೆಲವು ಸೆಟ್ಟುಗಳಲ್ಲಿ ಅದು ನಿಜವೂ ಹೌದು. ಅವನು ತೊಡೆ ತಟ್ಟಿಕೊಂಡು ನಕ್ಕ. ‘ನಾವೆಲ್ಲ ಬೆಸುಗೆ ಕಡ್ಡಿ ಹಿಡ್ಕಂಡು ಒದ್ದಾಡ್ತೀವಿ. ನಮ್ಮ ಮನೆಯಾಕೆ ಬದನೆಕಾಯಾಗೆ ಮಾಡಿಬಿಟ್ಟಳಲ್ಲೋ.’

ಅವನಿಗೆ ಮಾತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮರುದಿನ ನೆಟ್ಟಿಗೆಲ್ಲ ಹೇಳಿದ. ದಾವಣಗೆರೆಯವನು ‘ಅಕ್ಕಾರ ಕೈಗೆ ನಮ್ಮ ಸೆಟ್ಟೂ ಕೊಟ್ಟು ಕಳಿಸ್ತೀವಿ, ಯಾವ ತರಕಾರಿ ತರಬೇಕು ಹೇಳ್ರಿ’ ಎಂದ. ಶಿವಮೊಗ್ಗದವನು ಬದನೆಕಾಯಿ ಇಂಜಿನಿಯರ್ ಎಂದು ಹೆಸರಿಟ್ಟ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ದಿನ ಬೆಳಗಾದರೆ ಅದೇ ತಮಾಷೆ, ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದವರು ಆಕೆ. ತಿರುಗಿ ಒಂದು ಮಾತು ಹೇಳಲು ಲೈಸೆನ್ಸ್ ಇರಲಿಲ್ಲ. ನಾನೂ ನಕ್ಕೆ. ನನ್ನ ನಗು ಎಲ್ಲರಿಗೂ ಕೇಳಲೆಂದು ಗುಂಡಿ ಒತ್ತಿ ಹಿಡಿದು ನಕ್ಕೆ.

ದೀಪಾವಳಿ ಬಂತು, ಹೋಯಿತು. ಪರೀಕ್ಷೆಯ ಮಾತೇ ಬರಲಿಲ್ಲ. ಯುಗಾದಿ ಕಳೆದ ಮೇಲೆ ಜಗಳೂರಿಗೆ ಹೋದಾಗ ಊಟಕ್ಕೆ ಕರೆಯಲು ಆಕೆ ಬಾಗಿಲವರೆಗೆ ಬಂದು ಬಾಯಲ್ಲಿ ಕರೆದರು. ತಟ್ಟೆಯ ಸದ್ದು ಇರಲಿಲ್ಲ. ಪುಸ್ತಕ ಎಲ್ಲಿಯವರೆಗೆ ಬಂತು ಎಂದು ಕೇಳಿದೆ.

‘ಬ್ಯಾಡ ಬಿಡ್ರಿ ಅಣ್ಣಾ’ ಎಂದರು. ‘ಮುಟ್ಟಿದ್ರೆ ಕೆಡಿಸೋ ಕೈ ಇದು. ಇವರ ಸೆಟ್ಟೊಂದು ಉಳೀಲಿ, ಅಷ್ಟು ಸಾಕು ನಂಗೆ.’

ಆ ಕೈಯಿಂದಲೇ ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದರು. ನಾನು ತಿಂದೆ. ಒಂದು ಮಾತು ಸಾಕಿತ್ತು. ಬಾಯಲ್ಲಿ ರೊಟ್ಟಿ ಇದೆ ಎಂಬುದು ಆ ದಿನದ ನೆಪ.

ಇನ್ನೊಂದು ಸಂಗತಿ ಹೇಳದಿದ್ದರೆ ನನ್ನನ್ನು ನಾನು ಪೂರ್ತಿ ತೋರಿಸಿದ ಹಾಗಾಗುವುದಿಲ್ಲ. ಒಂದು ದಿನ ತಿಪ್ಪೇಸ್ವಾಮಿ ಫೋನು ಮಾಡಿದ. ವಿಮಾನದವನ ಮಾತು ಅವನಿಗೆ ಸಿಕ್ಕಿತ್ತು. ಸದ್ದು ತಲೆಯ ಮೇಲೆ ಇರುವಾಗಲೇ ದನಿ ಕೈಯೊಳಗೆ ಬಂತಂತೆ. ಏನು ಹೇಳಿದ ಎಂದು ಕೇಳಿದರೆ, ‘ಹೇಳಬಾರ್ದು ಕಣೋ, ರೂಲ್ಸು’ ಎಂದ. ಅವನ ದನಿ ಒದ್ದೆಯಾಗಿತ್ತು. ಆಮೇಲೆ, ಎಲ್ಲಾ ನಮ್ಮ ಮನೆಯಾಕೆ ಕೈಗುಣ ಎಂದ. ಆಗ ನನಗೆ ನಿಜ ಹೇಳಬೇಕೆಂದು ನಾಲಿಗೆ ತುದಿ ತುರಿಸಿತು. ತಪ್ಪು ಒಪ್ಪಿಕೊಳ್ಳಲು ಅಲ್ಲ, ಆ ಹೆಸರು ನನಗೆ ಬರಲಿ ಎಂದು. ಇಷ್ಟು ತಿಂಗಳು ಕೆಡಿಸಿದ್ದು ನಾನು ಎನ್ನಲು ಬಾರದ ಬಾಯಿ, ಮಾಡಿದ್ದು ನಾನು ಎನ್ನಲು ತಾನಾಗಿ ತೆರೆದುಕೊಂಡಿತ್ತು. ಅದನ್ನು ಕಂಡು ನನಗೇ ನಾಚಿಕೆಯಾಗಿ ಮುಚ್ಚಿದೆ.

ಮೇಷ್ಟ್ರಿಗೆ ಗೊತ್ತಿತ್ತೆಂದು ತೋರುತ್ತದೆ. ಒಂದು ಭಾನುವಾರ ಚನ್ನಗಿರಿಯ ಅವರ ಜಗಲಿಯಲ್ಲಿ ಕೂತಿದ್ದಾಗ, ಯಾವುದೋ ಮಾತಿನ ನಡುವೆ ಅವರು, ‘ಆ ಸೆಟ್ಟು ನಿನ್ನ ಕೈಯಿಂದ ಹೋದ ಮಾರನೇ ದಿನ ಹಂಗಾಗಿದ್ದು ಅಲ್ಲೇನಪ್ಪ?’ ಎಂದು ಕೇಳಿದರು. ಹೌದು ಮೇಷ್ಟ್ರೇ ಎಂದೆ. ಅವರು ಹೂಂ ಎಂದು, ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು. ಮುಂದೆ ಕೇಳಲಿಲ್ಲ. ನನ್ನನ್ನು ಹಿಡಿಯಲಿಲ್ಲ, ಹೇಳಲು ಹೊತ್ತು ಕೊಟ್ಟರು. ಮೇಷ್ಟ್ರು ಈಗಿಲ್ಲ. ಅವರು ಕೊಟ್ಟ ಹೊತ್ತನ್ನು ನಾನು ಇಷ್ಟು ಉದ್ದ ಎಳೆದೆ.

ಈ ವಯಸ್ಸಿನಲ್ಲಿ ಕೂತು ಎಣಿಸಿದರೆ ನನಗೆ ಸಿಕ್ಕಿದ್ದೆಲ್ಲ ಬೇರೆಯವರದೇ. ಮಾವನ ಟಾರ್ಚಿನಿಂದ ಕರೆಂಟು ಕಲಿತೆ. ಅಜ್ಜಿಯ ಗಡಿಯಾರದಿಂದ ಬೆರಳ ಹದ ಕಲಿತೆ. ಸವಳಂಗದ ಆ ಮದುವೆಯವರು ನನ್ನನ್ನು ಹೊಡೆಯದೆ ಬಿಟ್ಟದ್ದರಿಂದ ಮೇಷ್ಟ್ರು ಸಿಕ್ಕರು. ಅವರಿಂದ ತಿಪ್ಪೇಸ್ವಾಮಿ ಸಿಕ್ಕ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಬೆಳಗಾಗೆದ್ದು ಇವರ ದನಿ ಕೇಳಿಯೇ ನಾನು ದಿನ ಶುರು ಮಾಡಿದ್ದು. ಅವಳು ಹೋದ ಮೇಲೆ ಎಷ್ಟೋ ದಿನ ನಾನು ನೆಟ್ಟಿನಲ್ಲಿ ಮಾತಾಡದೆ ಗುಂಡಿಯನ್ನಷ್ಟೇ ಒತ್ತಿ ಬಿಡುತ್ತಿದ್ದೆ. ‘ಹೊನ್ನಾಳಿ ಹಾಜರ್’ ಎಂದು ತಿಪ್ಪೇಸ್ವಾಮಿ ನನ್ನ ಪರವಾಗಿ ಹೇಳುತ್ತಿದ್ದ. ಪ್ರತಿ ವರ್ಷ ಸುಗ್ಗಿಯಲ್ಲಿ ಜಗಳೂರಿನಿಂದ ಕಂಡಕ್ಟರ ಕೈಯಲ್ಲಿ ಒಂದು ಚೀಲ ಶೇಂಗಾ ಬರುತ್ತದೆ. ಕಳಿಸುವವರು ಆಕೆ. ತಮ್ಮ ಕೈಯಿಂದಾದ ತಪ್ಪನ್ನು ಸರಿಮಾಡಲು ಅಷ್ಟು ದೂರ ಬಂದ ಅಣ್ಣನಿಗೆ. ಆ ಶೇಂಗಾ ಬಹಳ ರುಚಿ. ಒಂದನ್ನೂ ಬಿಡದೆ ತಿಂದಿದ್ದೇನೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೊನ್ನೆ ತಿಪ್ಪೇಸ್ವಾಮಿ ನೆಟ್ಟಿನಲ್ಲಿ ಒಂದು ಮಾತು ಹೇಳಿದ. ನಾನಿದನ್ನು ಕಳಿಸುತ್ತಿರುವ ಈ ವಾರಪತ್ರಿಕೆಯನ್ನು ಅವನ ಹೆಂಡತಿ ಸಂಜೆ ಚಾಪೆ ಹಾಸಿಕೊಂಡು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತಾರಂತೆ. ಒಂದು ಸಾಲನ್ನೂ ಹಾರಿಸುವುದಿಲ್ಲವಂತೆ. ತಲೆನೋವಿನ ಮಾತ್ರೆಯ ಜಾಹೀರಾತನ್ನೂ ಓದುತ್ತಾರಂತೆ. ಅವಳ ಓದು ಕೇಳಿದ್ರೆ ರೇಡಿಯೋ ಬ್ಯಾಡ ಅನ್ನಿಸ್ತೈತೆ ಎಂದ. ಅಂದು ಮಧ್ಯಾಹ್ನವೇ ನಾನು ಹಾಳೆ ತೆಗೆದೆ.

ಜಗಳೂರಿಗೆ ಹೋಗಿ ಎದುರು ನಿಂತು ಹೇಳಬಹುದಲ್ಲ ಎಂದು ನೀವು ಕೇಳಬಹುದು. ಎದುರು ನಿಂತರೆ ಆಕೆ ‘ಹೋಗ್ಲಿ ಬಿಡ್ರಿ ಅಣ್ಣಾ’ ಎಂದು ನನ್ನನ್ನು ಅರ್ಧ ಮಾತಿಗೇ ಬಿಟ್ಟುಬಿಡುತ್ತಾರೆ. ನಾನೂ ಬಿಡಿಸಿಕೊಂಡು ಬಂದುಬಿಡುತ್ತೇನೆ, ತಿಪ್ಪೇಸ್ವಾಮಿಗೆ ತಿಳಿಯುವುದೇ ಇಲ್ಲ. ಅಚ್ಚಾದದ್ದನ್ನು ಆಕೆ ಬಿಡುವವರಲ್ಲ, ಕೊನೆಯ ಸಾಲಿನವರೆಗೂ ಓದುತ್ತಾರೆ. ಓದಿದ ಮೇಲೆ ನಾನು ಹೋಗುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆ ಪರೀಕ್ಷೆಗೆ ವಯಸ್ಸಿನ ಮಿತಿ ಇಲ್ಲ. ಪುಸ್ತಕ ಇಲ್ಲವೆಂದರೆ ನನ್ನದು ತರುತ್ತೇನೆ. ಈ ಸಲ ಗೊತ್ತಿದ್ದಷ್ಟನ್ನೇ ಹೇಳಿಕೊಡುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ.

ಹಾಗಾಗಿ ಅಮ್ಮಾ, ಚಾಪೆಯ ಮೇಲೆ ಕೂತು ಇದನ್ನು ಓದುತ್ತಿರುವವರು ನೀವಾದರೆ, ಇಲ್ಲಿ ನಿಲ್ಲಿಸಬೇಡಿ. ಪಕ್ಕದಲ್ಲಿ ಕೂತವನಿಗೆ ಉಳಿದ ಎರಡು ಸಾಲು ನಿಮ್ಮ ದನಿಯಲ್ಲೇ ಕೇಳಲಿ. ಆ ಸೆಟ್ಟಿನ ಬೆನ್ನು ಬಿಚ್ಚಿ, ನೆನಪು ಅಳಿಸಿ, ಸುಳ್ಳು ಹೇಳಿದವನು ಹೊನ್ನಾಳಿಯ ಬಸವರಾಜ.

ಕೆಡಿಸಿದ್ದು ಗೌರಕ್ಕ ಅಲ್ಲ.